ಹತ್ತೊಂಬತ್ತನೆಯ ಕೌದಿ

ಮಾರ್ಚ್ 3, ಸೋಮವಾರ

ಹದಿನೇಳನೆಯದಕ್ಕೂ ಪಟ್ಟಿ ಹೊಲಿದಾಯಿತು. ಕೌದಿಯ ಹಿಂಬದಿ ಮೇಲಂಚಿಗೆ ಉದ್ದಕ್ಕೆ ಒಂದು ಬಟ್ಟೆಯ ಪಟ್ಟಿ, ಅದರೊಳಗೆ ಕೋಲು ತೂರಿಸಿ ಗೋಡೆಗೆ ನೇತುಹಾಕುತ್ತಾರಂತೆ. ಇನ್ನೆರಡು ಬಾಕಿ. ಅಂಗಡಿ ತುಂಬ ಅಕ್ಕನ ಕೌದಿಗಳೇ. ಗಿರಾಕಿ ಕೂರುವ ಬೆಂಚಿನ ಮೇಲೂ ಅವೇ. ಪ್ಯಾಂಟಿನ ಜಿಪ್ ಬದಲಾಯಿಸಲು ಬಂದ ಬ್ಯಾಂಕಿನವರು ಪಾಪ ನಿಂತೇ ಮಾತಾಡಿದರು. ಇದೇನು ಇಷ್ಟೊಂದು ಎಂದು ಕೇಳಿದರು. ಇಪ್ಪತ್ತೆರಡನೇ ತಾರೀಕು ಗ್ಯಾಲರಿಯಲ್ಲಿ ಪ್ರದರ್ಶನ ಎಂದೆ. ನಿಮ್ಮದಾ ಎಂದರು. ಅಕ್ಕನದು ಎಂದೆ.

ಎಷ್ಟು ಸಲೀಸಾಗಿ ಬಂತು ಬಾಯಿಗೆ. ಇಪ್ಪತ್ತೆರಡು ವರ್ಷದ ರೂಢಿ.

ಮಾರ್ಚ್ 5, ಬುಧವಾರ

ಗ್ಯಾಲರಿ ಮೇಡಂ ಫೋನಿಗೆ ಕಳಿಸಿದ್ದಾರೆ — ಗೋಡೆಗೆ ಅಂಟಿಸುವ ಚೀಟಿಗಳ ಕರಡು. ಕೌದಿಗೊಂದು ಚೀಟಿ. ಹೆಸರು, ವರ್ಷ, ಬಟ್ಟೆ ಯಾವುದು, ಅಳತೆ ಎಷ್ಟು. ಕೆಳಗೆ ಎರಡು ಸಾಲು ಹೊಗಳಿಕೆ. "ಪ್ರತಿ ಹೊಲಿಗೆಯಲ್ಲೂ ಕಲಾವಿದೆಯ ಉಸಿರಿದೆ."

ಉಸಿರು ಅವಳದಾದರೆ ಬೆರಳಿನ ತೂತು ಯಾರದು?

ಅಕ್ಕ ಬಟ್ಟೆ ಆರಿಸುತ್ತಾಳೆ, ತುಂಡು ಜೋಡಿಸುತ್ತಾಳೆ. ಆ ಕಣ್ಣು ನನಗಿಲ್ಲ, ಒಪ್ಪಿದೆ. ಹಳದಿಯ ಪಕ್ಕ ಆ ಮಾಸಲು ಹಸಿರು ಇಡುವ ಧೈರ್ಯ ಯಾರಿಗಿದೆ. ಆಮೇಲೆ ಮೂರು ಪದರ ಸೇರಿಸಿ, ಜರುಗದ ಹಾಗೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ಬಾವನ ಕೈಲಿ ಇಲ್ಲಿಗೆ ಕಳಿಸುತ್ತಾಳೆ. ಮಿಕ್ಕಿದ್ದು ನನ್ನ ಪಾಲು. ಮೈತುಂಬ ಸಣ್ಣ ಹೊಲಿಗೆ, ಒಂದೊಂದು ಕೌದಿಗೆ ಎರಡು ತಿಂಗಳು. ಮುಗಿದ ಮೇಲೆ ಕಚ್ಚಾ ದಾರ ಎಳೆದು ಬಿಸಾಡಿ, ಇಸ್ತ್ರಿ ಮಾಡಿ ವಾಪಸ್. ಹದಿನೆಂಟು ಕೌದಿ ಹೀಗೇ. ಚೀಟಿಯಲ್ಲಿ ನನ್ನ ಹೆಸರು ಒಂದು ಕಡೆಯೂ ಇಲ್ಲ. ಮೂರು ಸಲ ನೋಡಿದೆ.

ದುಡಿಯೋದು ನಾನು, ಮೆರೆಯೋದು ಅವಳು. ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಹೌದು, ಹೊಟ್ಟೆಕಿಚ್ಚೇ. ಏನೀಗ.

ಮಾರ್ಚ್ 6, ಗುರುವಾರ

ಬಾವ ಬಂದು ಕೊನೆಯದನ್ನು ಕೊಟ್ಟು ಹೋದರು. ಚೀಟಿಯ ವಿಷಯ ಎತ್ತಿದೆ. ಅವರದು ಯಾವಾಗಲೂ ಅಡ್ಡಗೋಡೆ ಮೇಲೆ ದೀಪ. "ನೋಡೋಣಮ್ಮ, ಅವಳ ತಲೇಲಿ ಏನಿದ್ಯೋ." ಅಕ್ಕ ಈಚೆಗೆ ಯಾಕೆ ಅಂಗಡಿ ಕಡೆ ಬರುವುದಿಲ್ಲ ಎಂದು ಕೇಳಿದೆ. ಕೈ ಸ್ವಲ್ಪ ನಡುಗುತ್ತೆ, ಜನರ ಮುಂದೆ ಮುಜುಗರ ಪಡ್ತಾಳೆ ಎಂದರು. ಅರವತ್ತೆರಡಕ್ಕೆ ಯಾರಿಗೆ ನಡುಗುವುದಿಲ್ಲ? ನನಗೆ ಮಂಡಿ ಹಿಡಿದುಕೊಂಡಿದೆ, ಯಾರಾದರೂ ಕೇಳಿದರಾ.

ಕೌದಿ ಬಿಚ್ಚಿ ನೋಡಿದೆ. ಚಿಕ್ಕದು, ಮಗುವಿನ ಹಾಸಿಗೆಯಷ್ಟು. ತುಂಡುಗಳೇ ಇಲ್ಲ, ಒಂದೇ ಕಡುನೀಲಿ ಬಟ್ಟೆ. ಮೇಲೆ ಬಿಳಿ ದಾರದ ಕಚ್ಚಾ ಹೊಲಿಗೆ, ನಲವತ್ತು ಸಾಲು, ಒಂದಾದರೂ ನೆಟ್ಟಗಿಲ್ಲ. ಒಂದು ಹೊಲಿಗೆ ಬೆರಳುದ್ದ, ಪಕ್ಕದ್ದು ಅಕ್ಕಿಕಾಳಷ್ಟು. ಕುಡುಕ ಮನೆಗೆ ನಡೆದ ಹಾಗಿದೆ. ಪ್ರದರ್ಶನ ಸಿಕ್ಕ ಮೇಲೆ ಅಕ್ಕನಿಗೆ ಕೆಲಸವೂ ಹಗುರವಾಯಿತು ಅಂದುಕೊಂಡೆ.

ಅವಳಿಗೆ ಫೋನ್ ಮಾಡಿದೆ. ಇದನ್ನೇನು ಮಾಡಲಿ ಎಂದು ಕೇಳಿದೆ. "ಪಟ್ಟಿ ಒಂದು ಹಾಕು ಸಾಕು," ಎಂದಳು. ಅಷ್ಟೇ. ಇಟ್ಟುಬಿಟ್ಟಳು.

ಪಟ್ಟಿ ಒಂದು ಹಾಕು ಸಾಕು. ನನ್ನ ಕೆಲಸ ಅಂದರೆ ಅವಳ ಲೆಕ್ಕದಲ್ಲಿ ಇಷ್ಟೇ — ಪಟ್ಟಿ. ಮಿಕ್ಕ ಸಾವಿರ ಹೊಲಿಗೆ ತಾನಾಗಿಯೇ ಬಟ್ಟೆಯ ಮೇಲೆ ಬೆಳೆಯುತ್ತದೆ, ಹುಲ್ಲಿನ ಥರ.

ಹಾಕುತ್ತೇನೆ ನೋಡು. ಈ ಸಲ ಹೇಗೆ ಹಾಕುತ್ತೇನೆ ಎಂದರೆ, ಯಾವ ಕುರುಡನಿಗೂ ಬೆರಳಿಗೆ ಸಿಗಬೇಕು ಯಾರ ಕೆಲಸ ಅಂತ.

ಮಾರ್ಚ್ 9, ಭಾನುವಾರ

ಅಂಗಡಿ ರಜೆ. ಬೆಳಿಗ್ಗೆಯಿಂದ ನೀಲಿ ಕೌದಿ. ಇಂಚಿಗೆ ಹನ್ನೆರಡು ಹೊಲಿಗೆ. ಇಷ್ಟು ಸಣ್ಣಗೆ ಯಾವತ್ತೂ ಹಾಕಿಲ್ಲ. ಗಂಡ ಊಟಕ್ಕೆ ಕರೆದು ಕರೆದು ಸುಸ್ತಾಗಿ ತಾನೇ ಬಡಿಸಿಕೊಂಡರು. ಯಾರ ಮೇಲೆ ಸಿಟ್ಟು ಎಂದು ಕೇಳಿದರು. ಸೂಜಿ ಮೇಲೆ ಎಂದೆ.

ಮಾರ್ಚ್ 14, ಶುಕ್ರವಾರ

ಮುಗಿಯಿತು. ಸಂಜೆ ಕಚ್ಚಾ ಎಲ್ಲ ಎಳೆದು ತೆಗೆದೆ. ದಾರ ಎಲ್ಲೆಲ್ಲೋ ಗಂಟು ಗಂಟು, ಸಲೀಸಾಗಿ ಬರಲೂ ಇಲ್ಲ. ಬೈದುಕೊಂಡೇ ಕಿತ್ತೆ. ಒಂದು ಮುಷ್ಟಿಯಾಯಿತು, ಕಸದ ಬುಟ್ಟಿಗೆ ಹಾಕಿದೆ. ಪಟ್ಟಿ ಹಾಕಿ ಇಸ್ತ್ರಿ ಮಾಡಿದೆ. ಕಡುನೀಲಿಯ ಮೇಲೆ ನೀಲಿ ಹೊಲಿಗೆ, ನೆಟ್ಟನೆ ಸಾಲು. ಚೆನ್ನಾಗಿದೆ. ನನ್ನ ಕೈಯಿಂದ ಇದಕ್ಕಿಂತ ಚೆನ್ನಾಗಿ ಬರುವುದಿಲ್ಲ. ಗ್ಯಾಲರಿಯವರ ಗಾಡಿ ಸೋಮವಾರ ಬಂದು ಎಲ್ಲವನ್ನೂ ಒಯ್ಯುತ್ತದಂತೆ. ಒಯ್ಯಲಿ.

ಮಾರ್ಚ್ 20, ಗುರುವಾರ

ಕೈ ಆಡುತ್ತಿಲ್ಲ. ಬರೆಯಬೇಕು.

ಮಧ್ಯಾಹ್ನ ಗ್ಯಾಲರಿ ಮೇಡಂ ಚೀಟಿಗಳನ್ನು ಮತ್ತೆ ಕಳಿಸಿದರು. ಮೊದಲಿನದು ಅವರೇ ಬರೆದದ್ದಂತೆ. ಅಕ್ಕ ನೋಡಿ, ಎಲ್ಲ ತಪ್ಪು ಎಂದು ತಿದ್ದಿ ಕೊಟ್ಟಿದ್ದಾಳಂತೆ. ಅದಕ್ಕೇ ತಡ. ನನ್ನ ಹೆಸರಿನ ಕಾಗುಣಿತ ಸರಿ ಇದೆಯೋ ನೋಡಿ ಹೇಳಿ ಎಂದು ಬರೆದಿದ್ದರು.

ಒಂದರಿಂದ ಹದಿನೆಂಟು — ಪ್ರತಿಯೊಂದರಲ್ಲೂ ಎರಡು ಸಾಲು. ಜೋಡಣೆ: ಅಕ್ಕನ ಹೆಸರು. ಹೊಲಿಗೆ: ನನ್ನ ಹೆಸರು. ಅದೇ ಗಾತ್ರದ ಅಕ್ಷರ.

ಹತ್ತೊಂಬತ್ತನೆಯದು, ಆ ನೀಲಿಯದು — ಹೊಲಿಗೆ: ಅಕ್ಕನ ಹೆಸರು. ಕೆಳಗೆ ಹೊಗಳಿಕೆ ಇಲ್ಲ. ಅವಳದೇ ಒಂದು ವಾಕ್ಯ. "ಈಗ ನನ್ನ ಕೈ ಹಾಕುವ ಹೊಲಿಗೆ ಇಷ್ಟು."

ಬಾವನಿಗೆ ಫೋನ್ ಮಾಡಿದೆ. ಆ ಬಿಳಿ ಹೊಲಿಗೆಯನ್ನು ಎಂಟು ತಿಂಗಳಿಂದ ಹಾಕುತ್ತಿದ್ದಳಂತೆ. ಒಂದೊಂದು ದಿನ ಒಂದು ಹೊಲಿಗೆಯೂ ಬೀಳುತ್ತಿರಲಿಲ್ಲವಂತೆ. ಸೂಜಿ ಬಿದ್ದರೆ ಬಾವ ಎತ್ತಿ ಕೊಡಲೂ ಬಿಡುತ್ತಿರಲಿಲ್ಲವಂತೆ. ಬರುಬರುತ್ತಾ ಅವರೂ ಅಳುವುದಕ್ಕೆ ಶುರು ಮಾಡಿದರು. ಕೌದಿ ಈಗ ಹೇಗಿದೆ ಎಂದು ಹೇಳಲಿಲ್ಲ ನಾನು. ಹೇಳುವುದು ಹೇಗೆ.

ಹದಿನೆಂಟರಲ್ಲಿ ಅವಳ ಒಂದು ಹೊಲಿಗೆಯೂ ಇಲ್ಲ ಎಂದು ಹಾರಾಡುತ್ತಿದ್ದೆನಲ್ಲ. ಇದ್ದದ್ದು ಈ ಒಂದರಲ್ಲಿ. ಅದನ್ನೇ ಕಿತ್ತು ಕಸಕ್ಕೆ ಹಾಕಿದೆ. ಬುಟ್ಟಿ ನೋಡಿದೆ. ಶನಿವಾರವೇ ಕಸದ ಗಾಡಿ ಬಂದು ಹೋಗಿದೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ.

ಮಾರ್ಚ್ 21, ಶುಕ್ರವಾರ

ಗ್ಯಾಲರಿಗೆ ಹೋದೆ. ಏಣಿ ಹಾಕಿಕೊಂಡು ಕೌದಿಗಳನ್ನು ಏರಿಸುತ್ತಿದ್ದರು. ಬೆಳಕು ಬಿದ್ದರೆ ಎಷ್ಟು ಚೆಂದ ಕಾಣುತ್ತವೆ ಅವು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಹೊಲಿದ ನನಗೇ ಗೊತ್ತಿರಲಿಲ್ಲ. ಅಕ್ಕ ಕುರ್ಚಿಯಲ್ಲಿದ್ದಳು, ಕೈ ಸೆರಗಿನೊಳಗೆ. ನೀಲಿಯದು ಇನ್ನೂ ಪ್ಯಾಕೆಟ್ಟಿನಲ್ಲೇ ಇತ್ತು. ನಾನೇ ಬಿಚ್ಚಿ ಅವಳ ತೊಡೆಯ ಮೇಲೆ ಹರಡಿದೆ. ಇನ್ನೊಬ್ಬರು ಬಿಚ್ಚುವ ಮೊದಲು.

ಎರಡೂ ಕಡೆ ತಿರುಗಿಸಿ ನೋಡಿದಳು. ಸಿಟ್ಟಾಗಲಿಲ್ಲ. ಆಗಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಎಷ್ಟು ನೀಟಾಗಿ ಹಾಕಿದ್ದೀಯಲ್ಲೇ," ಎಂದಳು.

"ಒಂದು ಮಾತು ಹೇಳಬಾರದಿತ್ತಾ, ಅಕ್ಕಾ?"

"ಹೇಳಿದ್ನಲ್ಲ. ಪಟ್ಟಿ ಒಂದು ಹಾಕು ಸಾಕು ಅಂತ."

ಅವಳೇ ಕೌದಿ ಮಡಿಸಲು ನೋಡಿದಳು, ಅಂಚು ಕೈಗೆ ಸಿಗಲಿಲ್ಲ. "ಬಿಡು. ಮೇಡಂಗೆ ಹೇಳ್ತೀನಿ. ಹತ್ತೊಂಬತ್ತಕ್ಕೂ ನಿನ್ನ ಹೆಸರೇ ಬರಲಿ."

ಇಪ್ಪತ್ತೆರಡು ವರ್ಷ ಕಾದದ್ದು ಸಿಕ್ಕಿತು. ಯಾರಿಗೆ ಬೇಕಿತ್ತು.

ಕೌದಿ ಕಸಿದುಕೊಂಡು ಮನೆಗೆ ತಂದೆ. ಮೇಡಂ ಹಿಂದೆಯೇ ಕೂಗಿದರು, ನಾಳೆ ಐದಕ್ಕೆ ಉದ್ಘಾಟನೆ ಎಂದು. ಬ್ಲೇಡು ಹಿಡಿದು ಕೂತೆ. ಒಂದು ವಾರದ ಹೊಲಿಗೆ, ಇಂಚಿಗೆ ಹನ್ನೆರಡು, ಎಲ್ಲ ಬಿಚ್ಚಿದೆ. ಊಟದ ಹೊತ್ತಿಗೆ ಮುಗಿಯಿತು. ಸಂಕಟವೇನೂ ಆಗಲಿಲ್ಲ, ಕಣ್ಣು ಮಾತ್ರ ಉರಿ.

ಅಕ್ಕನ ಹಾಗೆ ಸೊಟ್ಟಗೆ ನಾನೇ ಹಾಕಿಬಿಡೋಣ ಎಂದು ಬೇರೆ ಬಟ್ಟೆಯ ಮೇಲೆ ನೋಡಿದೆ. ಬೇಕೆಂದೇ ಕೈ ಅಲುಗಿಸಿದೆ. ಸುಳ್ಳು ಹೊಲಿಗೆ. ನೋಡಿದರೇ ಗೊತ್ತಾಗುತ್ತದೆ.

ಮಾರ್ಚ್ 22, ಶನಿವಾರ, ಬೆಳಿಗ್ಗೆ 7.30

ಅಕ್ಕನ ಮನೆ. ಬಾವ ಬಾಗಿಲು ತೆಗೆದರು. ಕೌದಿ, ಬಿಳಿ ದಾರ, ಸೂಜಿಗಳ ಡಬ್ಬಿ ಮೇಜಿನ ಮೇಲೆ ಇಟ್ಟೆ. ನೀನೇ ಹಾಕಬೇಕು ಎಂದೆ. "ನಿಂಗೆ ತಲೆ ಕೆಟ್ಟಿದ್ಯೇನೇ? ನಲವತ್ತು ಸಾಲು ಒಂದು ದಿನದಲ್ಲಾ?" ಎಂದಳು. ಎಷ್ಟಾಗುತ್ತೋ ಅಷ್ಟು ಎಂದೆ. ಆಗುವುದಿಲ್ಲ ಎಂದಳು. ನಾನು ಸೂಜಿಗಳಿಗೆ ದಾರ ಪೋಣಿಸುತ್ತ ಕೂತೆ. ಒಂದು, ಎರಡು, ಹತ್ತು. ಜಗಳ ಆಡಿದಳು. ಹಳೆಯದೆಲ್ಲ ತೆಗೆದಳು. ಆಡಲಿ. ನನ್ನದೇ ತಪ್ಪು ಎಂದು ಮೂರು ಸಲ ಹೇಳಿದೆ.

ಆಮೇಲೆ ಕೈ ಹೊರಗೆ ತೆಗೆದಳು. ಇಷ್ಟು ನಡುಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಡಹುಟ್ಟಿದವಳು, ಗೊತ್ತಿರಲಿಲ್ಲ.

11.15

ಒಂದೂಮುಕ್ಕಾಲು ಸಾಲು. ಸೂಜಿ ಬಟ್ಟೆಗೆ ತಾಗುವ ಮೊದಲು ಮೂರು ಕಡೆ ಅಲೆಯುತ್ತದೆ. ಬಟ್ಟೆ ಬಿಗಿ ಹಿಡಿದಿದ್ದೇನೆ, ಅವಳ ಕೈ ಮುಟ್ಟಿಲ್ಲ. ಬಾವ ಟೀ ತಂದು ಇಟ್ಟು, ನಿಲ್ಲಲಾರದೆ ಒಳಗೆ ಹೋದರು.

4.40, ಗ್ಯಾಲರಿ

ನಾಲ್ಕು ಸಾಲು. ಮಿಕ್ಕದ್ದೆಲ್ಲ ಬರೀ ನೀಲಿ. ಇಷ್ಟನ್ನೇ ಗೋಡೆಗೆ ಹೇಗೆ ನೇತುಹಾಕುವುದು ಎಂದು ಮೇಡಂ ಕೈ ಕೈ ಹಿಸುಕಿಕೊಂಡರು. ಹೀಗೇ ಹಾಕಿ, ಪದರ ಜರುಗಿದರೆ ಜರುಗಲಿ ಎಂದಳು ಅಕ್ಕ. ಹದಿನೆಂಟು ಗೋಡೆಯ ಮೇಲಿವೆ. ಇದು ಇನ್ನೂ ನಮ್ಮಿಬ್ಬರ ತೊಡೆಯ ಮೇಲೆ. ಐದನೆಯ ಸಾಲು ಶುರು ಮಾಡಿದ್ದಾಳೆ. ಬಾಗಿಲಲ್ಲಿ ಜನ ಬರುತ್ತಿದ್ದಾರೆ, ಎಲ್ಲರ ಮುಂದೆ ಕೈ ಹೊರಗೇ ಇದೆ. ಸೂಜಿ ಬಿತ್ತು. ನಾನು ಬಗ್ಗಿದೆ. ಬೇಡ, ನಾನೇ ಎತ್ಕೋತೀನಿ ಎಂದಳು. ಎತ್ತಿಕೊಂಡಳು. ದಾರ ಮುಗಿಯಿತಂತೆ, ಪೋಣಿಸಿ ಕೊಡು ಎನ್ನುತ್ತಿದ್ದಾಳೆ, ಪೆನ್ನು ಇಟ್ಟು