ಸುನಂದ ಬಸ್ಸು ಹತ್ತಿದ್ದು

ಹಾರೋಹಳ್ಳಿ
ಭಾನುವಾರ, 16-11-2008

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಮ್ಮಿ ಆಯಿತಾ? ಭಾವನನ್ನು ಕೇಳಿದರೆ "ಅವ್ಳಿಗೇನಾಗೈತೆ, ಗುಂಡುಕಲ್ಲಿದ್ದಂಗವ್ಳೆ" ಅನ್ನುತ್ತಾರೆ. ಅವರ ಮಾತು ನಂಬಿಕೊಂಡು ಕೂರುವಷ್ಟು ದಡ್ಡಿ ನಾನಲ್ಲ. ಫೋನ್ ನಿನ್ನ ಕೈಗೆ ಬಂದರೆ ನೀನಾದರೂ ಏನು ಹೇಳುತ್ತೀಯ? "ಊಂ, ಆಯ್ತು ಬುಡು, ಇಡ್ತೀನಿ" ಅಷ್ಟೇ. ನಿಮ್ಮ ಉಯ್ಯಂಬಳ್ಳಿಯಲ್ಲಿ ಸಿಗ್ನಲ್ ಸಿಗುವುದೇ ಬಂಡೆ ಹತ್ತಿದರೆ, ಹತ್ತಿದ ಮೇಲೆ ಸುತ್ತ ನಾಲ್ಕು ಜನ ನಿಂತಿರುತ್ತಾರೆ. ಅದಕ್ಕೇ ಈ ಕಾಗದ. ಬೆನ್ನಿಗೆ ಬಿಸಿನೀರು ಹಾಕಿಸಿಕೋ, ಕನಕಪುರಕ್ಕೆ ಬಂದು ಡಾಕ್ಟರಿಗೆ ಒಂದು ಸಲ ತೋರಿಸು. ಪುಟ್ಟಿ ಚೆನ್ನಾಗಿ ಓದುತ್ತಿದ್ದಾಳಾ? ಹೋದ ಸಲ ಬಂದಾಗ ನನ್ನ ಪುಸ್ತಕದ ಬೀರು ಮುಂದೆ ಕೂತವಳು ಊಟಕ್ಕೆ ಕರೆದರೂ ಏಳಲಿಲ್ಲ, ನೆನಪಿದೆಯಾ?

ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನಿಗೆ ಫ್ಯಾಕ್ಟರಿ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಕಾಯಂ ಆಯಿತು. ನಮ್ಮ ಹಿಪ್ಪುನೇರಳೆ ತೋಟ ಇದ್ದ ಜಾಗದಲ್ಲೇ ಆ ಗೇಟು. ಪಾಸ್ ಇಲ್ಲದೆ ಯಾರಾದರೂ ಒಳಗೆ ಬಂದರೆ, ಹಿಂದೆ ತೋಟಕ್ಕೆ ನುಗ್ಗಿದ ಎಮ್ಮೆಯನ್ನು ಗದರಿಸುತ್ತಿದ್ದ ದನಿಯಲ್ಲೇ ಗದರಿಸುತ್ತಾನಂತೆ. ರೇಷ್ಮೆ ಹುಳದ ಮನೆಯನ್ನು ಒರಿಸ್ಸಾದಿಂದ ಕೆಲಸಕ್ಕೆ ಬಂದ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಒಳಗೆ ಹುಳ ಇಲ್ಲ, ಸೊಪ್ಪಿನ ವಾಸನೆಯೂ ಇಲ್ಲ. ಆದರೂ ಅವ್ವ ಹುಳಕ್ಕೆ ಸೋಂಕು ತಗುಲೀತು ಅನ್ನುವ ಹಾಗೆ ಆ ಬಾಗಿಲ ಮುಂದೆ ಇವತ್ತಿಗೂ ಚಪ್ಪಲಿ ಬಿಟ್ಟು, ಕಾಲು ತೊಳೆದೇ ಒಳಗೆ ಹೋಗುವುದು. ಆ ಹುಡುಗರು ಅದೇನೋ ದೇವರ ಮನೆ ಇದ್ದಿರಬೇಕು ಅಂದುಕೊಂಡಿದ್ದಾರೆ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಕಂಪ್ಯೂಟರಿಗೆ ಎಂಟ್ರಿ ಮಾಡುವ ಕೆಲಸದಲ್ಲಿದ್ದೇನಲ್ಲ, ಅಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಮಜೀದಾ ಅಂತ ಒಬ್ಬಳಿದ್ದಾಳೆ. ರಾಮನಗರದವಳು, ಬಲು ಬಾಯಾಳಿ. ದಿನಾ ಡಬ್ಬಿ ಬಿಚ್ಚಿದ ಕೂಡಲೇ ನಾನು ಓದಿದ ಪುಸ್ತಕದ ಕತೆ ಶುರು ಮಾಡುತ್ತೇನೆ ಅಂತ ಅವಳಿಗೆ ರೇಗಿ, "ನನ್ ಕಿವಿ ಬುಡೇ ತಾಯಿ, ಬ್ಲಾಗ್ ಮಾಡ್ಕೊಂಡು ಅಲ್ಲಿ ಬರಿ" ಅಂದು, ಕನ್ನಡದಲ್ಲಿ ಟೈಪ್ ಮಾಡುವುದನ್ನೂ ಅವಳೇ ಕಲಿಸಿಕೊಟ್ಟಳು. ಬ್ಲಾಗ್ ಅಂದರೆ ನಮ್ಮ ಮನೆ ಮುಂದಿನ ಜಗಲಿ ಅಂದುಕೋ. ನಾನು ಕೂತು ಮಾತಾಡುತ್ತಿರುತ್ತೇನೆ, ದಾರಿಯಲ್ಲಿ ಹೋಗುವವರು ಬೇಕಾದರೆ ನಿಂತು ಕೇಳಿ ಒಂದು ಮಾತು ಹೇಳಿ ಹೋಗುತ್ತಾರೆ. ನಾನು ಓದಿದ ಪುಸ್ತಕಗಳ ಬಗ್ಗೆ ಭಾನುವಾರ ಭಾನುವಾರ ಕನಕಪುರದ ಸೈಬರ್ ಸೆಂಟರಿನಲ್ಲಿ ಕೂತು ಬರೆಯುತ್ತೇನೆ. ಅವ್ವ ಇದನ್ನು "ಪರೀಕ್ಷೆ ಇಲ್ದಿರೋ ಓದು" ಅನ್ನುತ್ತಾಳೆ.

ಇದರಿಂದ ಏನು ಸಿಕ್ಕಿತು ಅಂತ ಕೇಳುತ್ತೀಯ. ಹೇಳಿದರೆ ಜಂಬ ಅನ್ನಬೇಡ. ನಾನು ಯಾರು ಅಂತಲೇ ಗೊತ್ತಿಲ್ಲದ ಶಿರಸಿ ಕಡೆಯ ರಿಟೈರ್ಡ್ ಮೇಷ್ಟ್ರೊಬ್ಬರು ಫ್ಯಾಕ್ಟರಿ ವಿಳಾಸಕ್ಕೆ ಪುಸ್ತಕದ ಪಾರ್ಸಲ್ ಕಳಿಸುತ್ತಾರೆ. ಮಸ್ಕತ್ತಿನಲ್ಲಿರುವ ಒಬ್ಬರು, ಶುಕ್ರವಾರದ ರಜೆಯಲ್ಲಿ ನನ್ನ ಬರಹ ಓದಿದರೆ ಊರಿಗೆ ಬಂದ ಹಾಗಾಗುತ್ತದೆ ಅಂತ ಬರೆದಿದ್ದರು. ಕೆಲಸದಲ್ಲಿ ನನ್ನನ್ನು "ಏ ಎಂಟ್ರಿ" ಅಂತ ಕೂಗುತ್ತಾರಕ್ಕಾ, ನನಗೊಂದು ಹೆಸರಿದೆ ಅನ್ನುವುದೇ ಸೂಪರ್‌ವೈಸರಿಗೆ ಮರೆತುಹೋಗಿದೆ. ಬ್ಲಾಗಿನಲ್ಲಿ ಮಾತ್ರ ಜನ ನನ್ನ ಹೆಸರು ಹಿಡಿದು, ನಾನು ಹೇಳಿದ್ದಕ್ಕೆ ಒಪ್ಪುತ್ತಾರೆ, ಜಗಳ ಆಡುತ್ತಾರೆ. ಆ ಖುಷಿಗೆ ಕನಕಪುರದವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದರೂ ಆಯಾಸ ಅನ್ನಿಸುವುದಿಲ್ಲ. ಆದರೆ ಇದೆಲ್ಲ ಸಿಗಬೇಕಾಗಿದ್ದು ನಿನಗೆ ಅಂತ ಒಳಗೆ ಕೊರೆಯುತ್ತಲೇ ಇರುತ್ತದೆ. ನನಗೆ ಓದು ಹತ್ತಿಸಿದವಳು ನೀನು.

ಎರಡು ತಿಂಗಳ ಹಿಂದೆ ನಿನ್ನ ಪ್ರೈಜ್ ಪುಸ್ತಕದ ಬಗ್ಗೆ ಬರೆದೆ. ಅದೇ, ಏಳನೇ ಕ್ಲಾಸಿನಲ್ಲಿ ನಿನಗೆ ಬಹುಮಾನ ಕೊಟ್ಟಿದ್ದ ಕಾದಂಬರಿ, ಸುನಂದಳ ಕತೆ. ನಾನು ಅದನ್ನು ಓದಿರಲಿಲ್ಲ, ಕೇಳಿದ್ದೆ ಅಷ್ಟೇ. ಹುಳ ಹಣ್ಣಾದ ದಿನ ನಮ್ಮ ಮನೆ ಹೇಗಿರುತ್ತಿತ್ತು ಅಂತ ಮೊದಲು ಬರೆದೆ. ಹೊಂಬಣ್ಣಕ್ಕೆ ತಿರುಗಿದ ಹುಳ ಯಾರ ಮುಲಾಜಿಗೂ ಕಾಯುವುದಿಲ್ಲ, ಅಕ್ಕಪಕ್ಕದವರೆಲ್ಲ ಬಂದು ಕೂತು ಒಂದೊಂದನ್ನೇ ಆಯ್ದು, ಗೂಡು ಕಟ್ಟಲಿ ಅಂತ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಬೆಳಗಿನಿಂದ ಬಗ್ಗಿ ಕೂತವರಿಗೆ ಬೇಜಾರಾಗದಿರಲಿ ಅಂತ ನಿನಗೊಬ್ಬಳಿಗೆ ಆಯುವ ಕೆಲಸದಿಂದ ರಜೆ. ನೀನು ನಡುಮನೆ ಕಂಬಕ್ಕೆ ಒರಗಿ ಗಟ್ಟಿಯಾಗಿ ಓದಬೇಕು. ಪುಸ್ತಕವನ್ನು ಮಾತ್ರ ನೀನು ಯಾರ ಕೈಗೂ ಕೊಡುತ್ತಿರಲಿಲ್ಲ, "ಹುಳದ ಕೈ, ಮುಟ್ಬೇಡಿ" ಅನ್ನುತ್ತಿದ್ದೆ. ಪ್ರತಿ ಬೆಳೆಗೂ ಅದೇ ಕತೆ, ಆದರೂ ಒಬ್ಬರೂ ಬೇಡ ಅನ್ನುತ್ತಿರಲಿಲ್ಲ. ಕೊನೆಯಲ್ಲಿ ಸುನಂದ ಟ್ರಂಕ್ ಹಿಡಿದು ಮನೆಯಿಂದ ಹೊರಟು, ಟೀಚರ್ ಟ್ರೈನಿಂಗಿಗೆ ಸೇರಲು ಚನ್ನಪಟ್ಟಣದ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು ಒಂದು ಸಲವೂ ಹಿಂದೆ ತಿರುಗಿ ನೋಡುವುದಿಲ್ಲ. ಅಲ್ಲಿಗೆ ಬಂದಾಗ ಹುಳ ಆಯುತ್ತಿದ್ದ ಕೈಗಳೆಲ್ಲ ನಿಂತುಬಿಡುತ್ತಿದ್ದವು, ಅಪ್ಪ "ಕೈ ಆಡ್ಸ್ರಮ್ಮಿ, ಕೈ ಆಡ್ಸಿ" ಅಂತ ಕೂಗುತ್ತಿದ್ದ. ಕನ್ನಡ ಕಾದಂಬರಿಯಲ್ಲಿ ಇಂಥ ಕೊನೆ ಇನ್ನೊಂದಿಲ್ಲ ಅಂತ ಧೈರ್ಯವಾಗಿ ಬರೆದುಬಿಟ್ಟೆ.

ಓದಿದವರು ನನ್ನನ್ನು ಅಟ್ಟಾಡಿಸಿಕೊಂಡು ಬಂದರು. ಆ ಕಾದಂಬರಿಯಲ್ಲಿ ಬಸ್ಸೂ ಇಲ್ಲ, ಟ್ರೈನಿಂಗೂ ಇಲ್ಲ, ಮೇಡಂ ನಿದ್ದೆಯಲ್ಲಿ ಓದಿದ್ದಾರೆ ಅಂತ ಒಬ್ಬರು. ಪುಸ್ತಕ ಓದದೆ ವಿಮರ್ಶೆ ಬರೆಯುವ ಜಾತಿ ಇವಳದ್ದು ಅಂತ ಇನ್ನೊಬ್ಬರು. ನನಗೂ ಸಿಟ್ಟು ಬಂದು, ನಮ್ಮಕ್ಕ ಓದಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ ಅಂತ ಬರೆದೆ. ಆಮೇಲೆ ಶಿರಸಿಯ ಮೇಷ್ಟ್ರು ಪಾಪ, ಎಲ್ಲಿಂದಲೋ ಆ ಪುಸ್ತಕ ಹುಡುಕಿ ಕಳಿಸಿದರು. ಊಟದ ಬಿಡುವಿನಲ್ಲಿ ಮಜೀದಾಳ ಎದುರಿಗೇ ಕೊನೆ ಓದಿದೆ. ಸುನಂದಳ ಗಂಡ ಬಂದು ತಪ್ಪಾಯಿತು ಅನ್ನುತ್ತಾನೆ, ಅವಳು ಅವನ ಕಾಲಿಗೆ ಬೀಳುತ್ತಾಳೆ, ಅತ್ತೆ ಪಾಯಸ ಮಾಡುತ್ತಾಳೆ. ಥೂ! ಮಜೀದಾ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ನಮ್ಮಕ್ಕ ಊರಿಗೆಲ್ಲ ಟೋಪಿ ಹಾಕಿದ್ದಾಳಲ್ಲ ಅಂತ. ಅದನ್ನೂ ಹಾಗೇ ಬ್ಲಾಗಿನಲ್ಲಿ ಬರೆದೆ.

ಬರೆದ ಮೇಲೆ ನಗು ನಿಂತುಹೋಯಿತು. ಒಬ್ಬಾಕೆ ಒಂದು ಸಾಲು ಬರೆದಿದ್ದರು: "ಹಾಗಾದರೆ ಬಸ್ಸು ಹತ್ತಬೇಕು ಅಂತ ಆಸೆ ಇದ್ದದ್ದು ನಿಮ್ಮ ಅಕ್ಕನಿಗಾ?" ಅದನ್ನು ಇನ್ನೊಂದು ಸಲ ಓದಿದೆ. ಆವಾಗ ನೆನಪಾಯಿತಕ್ಕಾ, ನೀನು ಎಸ್ಸೆಸ್ಸೆಲ್ಸಿ ಪಾಸಾಗಿ ಟೀಚರ್ ಆಗಬೇಕು ಅಂತ ಟಿಸಿಹೆಚ್ ಅರ್ಜಿ ತರಿಸಿಕೊಂಡಿದ್ದು, ಅಪ್ಪ "ಈ ಬೆಳೆ ಮುಗೀಲಿ, ನೋಡುವ" ಅಂತ ಬೆಳೆಯಿಂದ ಬೆಳೆಗೆ ತಳ್ಳಿದ್ದು, ಆಮೇಲೆ ಉಯ್ಯಂಬಳ್ಳಿಯವರು ನೋಡಲು ಬಂದಿದ್ದು. ನಿನ್ನ ಮದುವೆಗೆ ಮುಂಚಿನ ಬೆಳೆಯಲ್ಲಿ ನೀನು ಕೊನೆಯ ಸಲ ಓದಿದೆ. ಆ ಸಲ ಬಸ್ಸು ಬಂತು, ನಿಂತಿತು, ಕಂಡಕ್ಟರ್ ಕೂಗಿದ. ಸುನಂದ "ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ, ನೀವು ಹೋಗಿ" ಅಂದು ಟ್ರಂಕ್ ಎತ್ತಿಕೊಂಡು ಮನೆ ಕಡೆ ನಡೆದಳು. ನಾನು ಐದನೇ ಕ್ಲಾಸು. ಹತ್ತಿಸು, ಬಸ್ಸು ಹತ್ತಿಸು ಅಂತ ರಂಪ ಮಾಡಿ ಅತ್ತೆ. ನೀನು ತಲೆ ಎತ್ತದೆ "ಪುಸ್ತಕದಾಗೆ ಹಂಗೇ ಐತೆ ಕಣವ್ವ, ನಾನೇನ್ ಮಾಡ್ಲಿ" ಅಂದೆ. ನಾನು ಅವತ್ತು ಅತ್ತಿದ್ದು ಸುನಂದಳಿಗೆ. ನಿನಗಾಗಿ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ.

ಆ ಎರಡನೇ ಕೊನೆಯನ್ನೂ ಬರೆದು ಹಾಕಿದೆ. ನಿನ್ನನ್ನು ಕೇಳದೆ ಹಾಕಿದೆ, ಬೈಯಬೇಕಾದರೆ ಬೈದುಬಿಡು. ಯಾವ ಪುಸ್ತಕದ ಬಗ್ಗೆ ಬರೆದಾಗಲೂ ಅಷ್ಟು ಜನ ಬಂದಿರಲಿಲ್ಲ. ನಾನೂ ಹಾಲಿಟ್ಟು ಬಂದಿದ್ದೆ ಅಂತ ಎಷ್ಟೊಂದು ಹೆಂಗಸರು ಬರೆದಿದ್ದಾರೆ ಗೊತ್ತಾ? ಒಬ್ಬರು, ನಿಮ್ಮ ಅಕ್ಕ ಇನ್ನೇನು ಬರೆದಿದ್ದಾರೆ ಅಂತ ಕೇಳಿದರು. ಅವರಿಗೆ ಏನು ಉತ್ತರ ಕೊಡಲಿ? ನಮ್ಮಕ್ಕ ಕುರಿ ನೋಡಿಕೊಳ್ಳುತ್ತಾಳೆ, ಮನೆಯಲ್ಲಿ ಕ್ಯಾಲೆಂಡರ್ ಬಿಟ್ಟರೆ ಓದಲು ಏನೂ ಇಲ್ಲ ಅಂತ ಬರೆಯಲು ಕೈ ಬರಲಿಲ್ಲ. ಬ್ಲಾಗಿನಿಂದ ನನಗೆ ಹೆಸರು ಬಂತು, ಗೆಳೆಯರು ಸಿಕ್ಕರು, ಆದರೆ ಒಡಹುಟ್ಟಿದವಳ ಮನಸ್ಸು ಗೊತ್ತಾಗಲು ಯಾರೋ ದಾರಿಹೋಕರು ಹೇಳಬೇಕಾಯಿತಲ್ಲ ಅನ್ನುವ ಸಂಕಟ ಹೋಗುತ್ತಿಲ್ಲ. ಅಕ್ಕಾ, ನಿನ್ನ ಹೆಸರು ಹಾಕಲಾ? ಇನ್ನೊಂದು ಕತೆ ಹೇಳುತ್ತೀಯಾ? ನೀನು ಹೇಳು, ನಾನು ಟೈಪ್ ಮಾಡುತ್ತೇನೆ. ಅಷ್ಟು ಮಾಡಲು ಬಿಡು.

ಭಾವನಿಗೂ ನಿನ್ನ ಅತ್ತೆಗೂ ನಮಸ್ಕಾರ ಹೇಳು. ಪುಟ್ಟಿಗೆ ಮುತ್ತು, ಮುಂದಿನ ರಜೆಗೆ ಬೀರು ಬೀಗದಕೈ ಅವಳದೇ. ಸೊಂಟದ ವಿಷಯ ಮರೆಯಬೇಡ. ನಾಳೆ ಅಂಚೆಗೆ ಹಾಕುತ್ತೇನೆ.

ಇಂತಿ ನಿನ್ನ ತಂಗಿ,
ಶ್ವೇತ

ತಾ.ಕ.: ಕಾಗದ ಮಡಚುವಷ್ಟರಲ್ಲಿ, ಅವರೆಕಾಯಿ ಸುಲಿಯುತ್ತಿದ್ದ ಅವ್ವ "ಅಷ್ಟುದ್ದ ಏನ್ ಬರ್ದೆ, ಓದು" ಅಂದಳು. ಪೂರ್ತಿ ಓದಿದೆ. ಅವಳ ಕೈ ನಿಂತುಹೋಯಿತು. "ಆ ಪುಸ್ತಕದಾಗೆ ಕೊನೆ ಎಲ್ಲಿತ್ತು? ಪೇಪರ್ ಸಾಲ್ದೆ ಹಿಂದ್ಲ ಹಾಳೆಗಳ್ನೆಲ್ಲ ನಾನೇ ಕಿತ್ತು ಹುಳದ ತಟ್ಟೆಗೆ ಹಾಸ್ಬುಟ್ಟಿದ್ದೆ" ಅಂದಳು. ನಿನಗೆ ಪ್ರೈಜ್ ಬಂದ ವರ್ಷವೇ ಅಂತೆ. ಬಸ್ಸು ಹತ್ತುವುದು ನೀನೇ ಕಟ್ಟಿ ಹೇಳಿದ ಮಾತು ಅಂತ ಅವಳಿಗೆ ಮೊದಲಿನಿಂದ ಗೊತ್ತಿತ್ತಂತೆ, ಕೇಳಲು ಹಿತವಾಗಿತ್ತಂತೆ. "ಕೊನೇ ಕಿತ ಓದ್ದಾಗ ಬಸ್ ಹತ್ತುಸ್ಲಿಲ್ಲ. ಅವ್ಳು ನಂಗೇ ಹೇಳ್ತಾವ್ಳೆ ಅಂತ ಆಗ್ಲೇ ತಿಳೀತು ಕಣೇ. ಚಂದ್ರಿಕೆ ಎತ್ತಿಡೋ ನೆಪ ಮಾಡ್ಕಂಡು ಎದ್ದೋದೆ" ಅಂದು ಸೆರಗು ಬಾಯಿಗೆ ಒತ್ತಿಕೊಂಡಳು. ಅಂಚೆಗೆ ಹಾಕುತ್ತಿಲ್ಲ ಅಕ್ಕಾ. ಅವ್ವ ತಾನೇ ತಂದುಕೊಡುತ್ತೇನೆ ಅಂತ ಹಠ ಹಿಡಿದು ಈಗಲೇ ಸೀರೆ ಉಟ್ಟುಕೊಂಡು ನಿಂತಿದ್ದಾಳೆ. ನೀನು ಇದನ್ನು ಓದುತ್ತಿರುವಾಗ ನಿನ್ನ ಮುಖವನ್ನೇ ನೋಡುತ್ತಾ ಎದುರಿಗೆ ಕೂತಿರುತ್ತಾಳೆ. ಓದಿ ಮಡಚಿ "ಆಯ್ತು ಬುಡು" ಅನ್ನಬೇಡ. ಬೈದರೂ ಸರಿ, ಅವಳ ಹತ್ತಿರ ಮಾತಾಡು.