ಕಿವಿಯ ಹಿಂದಿನ ಎರಡು ಗುಂಡಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ವಟವಟಿ,

ನಾನೇ ಇಟ್ಟ ಹೆಸರು. ಎಷ್ಟು ಸಿಟ್ಟು ಬಂದರೂ ಬೇರೆ ಹೆಸರು ಬರೆಯಲು ಕೈ ಬರುತ್ತಿಲ್ಲ. ಹೇಗಿದ್ದೀಯ? ವಾರವಿಡೀ ನೀನು ಕೆಲಸಕ್ಕೆ ಬಂದಿಲ್ಲ. ಕಿವಿಯ ಹಿಂದೆ ಹುಣ್ಣಾಗಿದೆ, ಮಾಸ್ಕ್ ಹಾಕಿಕೊಳ್ಳಲು ಆಗುವುದಿಲ್ಲ ಎಂದು ಹೇಳಿ ಕಳಿಸಿದೆಯಂತೆ. ಸೂಪರ್‌ವೈಸರಮ್ಮ ನನ್ನನ್ನು ಕರೆದು, ನಿಮ್ಮ ತಂಗಿಗೆ ಏನಾದ್ರೂ ಮದ್ದು ಹೇಳಿ ಅಂದರು. ನಮ್ಮ ಪ್ಯಾಕಿಂಗ್ ಹಾಲ್‌ನಲ್ಲಿ ಎಲ್ಲರಿಗೂ ನೀನು ನನ್ನ ತಂಗಿಯೇ ತಾನೇ.

ಅದಕ್ಕೇ ಮೊದಲು ಮದ್ದಿನ ಮಾತು. ಬೆಳಿಗ್ಗೆ ಬರೀ ನೀರಿನಲ್ಲಿ ಮುಖ ತೊಳೆದು ಪೂರ್ತಿ ಒರೆಸಿಕೋ. ಪೌಡರ್ ಬೇಡ, ಬೆವರಿಗೆ ಅದು ಹಿಟ್ಟಾಗಿ ಕೆನ್ನೆ ಕೆರೆಯುತ್ತದೆ. ಮೂಗಿನ ಮೇಲೆ, ಕಿವಿಯ ಹಿಂದೆ ತೆಳ್ಳಗೆ ವ್ಯಾಸಲೀನ್ ಸವರಿ, ಅದು ಚರ್ಮಕ್ಕೆ ಹಿಡಿದ ಮೇಲೆ ಮಾಸ್ಕ್ ಹಾಕಿಕೋ. ಊಟದ ಹೊತ್ತಿಗೆ ಒದ್ದೆಯಾದದ್ದನ್ನು ಬಿಸಾಡಿ ಹೊಸದು ಹಾಕು, ಕಂಜೂಸಿ ಮಾಡಬೇಡ. ದವಡೆ ಹಿಡಿದುಕೊಂಡರೆ ಕೈತೊಳೆಯುವ ಜಾಗಕ್ಕೆ ಹೋಗಿ ಮಾಸ್ಕ್ ಇಳಿಸಿ ಬಾಯಿ ಅಗಲಿಸಿ ನಾಲ್ಕು ಸಲ ಆಕಳಿಸು. ಇದೆಲ್ಲ ನಿನಗೆ ಗೊತ್ತಿರುವುದೇ. ಮೊದಲ ವಾರವೇ ಹೇಳಿಕೊಟ್ಟಿದ್ದೆ.

ಆ ವಾರ ನೆನಪಿದೆಯಾ? ಮಾತ್ರೆ ಡಬ್ಬಿಗೆ ತುಂಬುವ ಹಾಲಿನಲ್ಲಿ ಇಡೀ ಪಾಳಿ ಮೂಗುಬಾಯಿ ಕಟ್ಟಿಕೊಂಡು ಕೂರಬೇಕು ಎಂದು ನಿನಗೆ ಯಾರೂ ಹೇಳಿರಲಿಲ್ಲ. ಮೂರನೇ ದಿನ ಊಟದ ಬೆಂಚಿನಲ್ಲಿ ನನ್ನ ಪಕ್ಕ ಕುಸಿದು ಕೂತು, "ಅಕ್ಕಾ, ಕಿವಿ ಕಿತ್ಕೊಂಡು ಕೈಗೇ ಬರುತ್ತೆ ನೋಡು" ಎಂದು ಅತ್ತೆ. ಅಳುತ್ತಲೇ ನನ್ನ ಡಬ್ಬಿಯಲ್ಲಿದ್ದುದನ್ನೆಲ್ಲ ತಿಂದು ಮುಗಿಸಿದೆ. ಅವತ್ತೇ ನೀನು ನನ್ನ ಟೋಪಿಯ ಗುಂಡಿಗಳನ್ನು ನೋಡಿದ್ದು. ಮಾಸ್ಕಿನ ದಾರ ಕಿವಿಗೆ ಸಿಗಿಸದೆ, ಟೋಪಿಯ ಎರಡು ಕಡೆ ಹೊಲಿದ ಗುಂಡಿಗೆ ಸಿಗಿಸುವ ಉಪಾಯ. ನಮ್ಮ ಮನೆಯವರು ಹೊಲಿದುಕೊಟ್ಟದ್ದು ಎಂದೆ. ಗುಂಡಿ ಅಕ್ಕ ಎಂದು ನೀನು ನನಗೆ ಹೆಸರಿಟ್ಟೆ. ಹಾಲಿನವರೆಲ್ಲ ಈಗ ಹಾಗೇ ಕರೆಯುತ್ತಾರೆ.

ನನ್ನ ಗಂಡ ಜಿಪುಣ ಮಾತಿನ ಮನುಷ್ಯ. ದರ್ಜಿ ಅಂಗಡಿಯಲ್ಲಿ ಗಿರಾಕಿಗೆ ಕೊಡುವಷ್ಟು ಮಾತನ್ನೂ ಮನೆಗೆ ತರುವುದಿಲ್ಲ. ಆದರೆ ಆ ಗುಂಡಿ ಹೊಲಿದ ಸಂಜೆ ನನ್ನನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ, ಕೂದಲು ಬಿಚ್ಚಿ, ದಿನಾ ಕಟ್ಟುವ ಹಾಗೆ ತುರುಬು ಕಟ್ಟು ಎಂದರು. ಟೋಪಿ ಹಾಕಿಸಿ, ಮಾಸ್ಕಿನ ದಾರ ಎಳೆದು ಹಿಡಿದು, ಕಿವಿಯ ಹಿಂದೆ ಬೆರಳಿಟ್ಟು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಗುಂಡಿ ಒಂದು ಬೆರಳಷ್ಟು ಮುಂದೆ ಹೋದರೆ ಮಾಸ್ಕ್ ಜೋಲುತ್ತದೆ, ಹಿಂದೆ ಬಂದರೆ ಕೆನ್ನೆ ಕತ್ತರಿಸುತ್ತದೆ. ತಲೆ ಎದುರಿಗಿಲ್ಲದೆ ಈ ಕೆಲಸ ಆಗಲ್ಲ ಎಂದರು. ನನ್ನ ಎಡಗಿವಿ ಒಂದಿಷ್ಟು ಕೆಳಗಿದೆ ಎಂದು ಅವತ್ತು ಗೊತ್ತಾಯಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೊಂದೇ ಸಲ. ನಾಚಿಕೆಯಾಗುತ್ತದೆ ಬರೆಯಲು, ನನಗೆ ತುಂಬಾ ಸುಖವಾಗಿತ್ತು.

ನೀನು ಬೆಂಚಿನಲ್ಲಿ ಅತ್ತ ದಿನವೇ, ನಿನಗೂ ಹೊಲಿದುಕೊಡಿ ಎಂದು ಅವರನ್ನು ಕೇಳಿದೆ. ಸಿಡುಕಿದರು. ಫ್ಯಾಕ್ಟರಿಯವರದ್ದೆಲ್ಲ ಅಂಗಡಿಗೆ ತರಬೇಡ, ನನಗೆ ಪುರುಸೊತ್ತಿಲ್ಲ ಎಂದರು. ನಿನ್ನ ಮುಖ ನೋಡಲು ನನಗೆ ಸಂಕೋಚವಾಯಿತು. ಕೆಲಸ ಜಾಸ್ತಿಯಂತೆ ಕಣೇ ಎಂದು ಅವರ ಪರವಾಗಿ ಸುಳ್ಳು ಹೇಳಿದೆ. ನೀನು, ಹೋಗ್ಲಿ ಬಿಡಕ್ಕ ಎಂದು ನನ್ನನ್ನೇ ಸಮಾಧಾನ ಮಾಡಿದೆ. ಅಂಗಡಿ ಯಾವ ಬೀದಿಯಲ್ಲಿದೆ ಎಂದು ಮಾತ್ರ ಕೇಳಿದೆ. ರವಿಕೆ ಹೊಲಿಸಲಿಕ್ಕೆ ಎಂದೆ.

ಎಂಟು ದಿನದ ಹಿಂದೆ, ಶನಿವಾರ, ಡಬ್ಬಿಯೊಂದು ಉರುಳಿ ನೀನು ಅದನ್ನು ಎತ್ತಲು ಬಗ್ಗಿದೆ. ಆಗ ಕಂಡಿತು. ನಿನ್ನ ಟೋಪಿಯಲ್ಲಿ ಎರಡು ಗುಂಡಿ. ಎಲ್ಲಿಂದ ಎಂದು ಕೇಳಿದೆ. "ಈಗ ರೆಡಿನೇ ಸಿಗುತ್ತಕ್ಕ, ಮಾರ್ಕೆಟ್ಟಲ್ಲಿ" ಎಂದೆ, ಕಣ್ಣು ಕೂಡ ಮಿಟುಕಿಸದೆ.

ಯಾರ ಕಣ್ಣಿಗೆ ಮಣ್ಣೆರಚುತ್ತೀಯ ತಾಯಿ? ಗುಂಡಿಯ ಬುಡಕ್ಕೆ ದಾರ ಸುತ್ತಿ ಪುಟ್ಟ ಕಾಲು ನಿಲ್ಲಿಸುವ ಆ ಹೊಲಿಗೆಯನ್ನು ನಾನು ನನ್ನ ಮನೆಯ ಪ್ರತಿ ಅಂಗಿಯಲ್ಲೂ ತೊಳೆದು ಒಣಹಾಕಿದ್ದೇನೆ. ಅದೂ ಹೋಗಲಿ. ನೀನು ತುರುಬನ್ನು ಬಲಕ್ಕೆ ವಾಲಿಸಿ ಕಟ್ಟುತ್ತೀಯ. ಬಸ್ಸಿನಲ್ಲಿ ಎಡಕ್ಕೆ ಒರಗಿ ನಿದ್ದೆ ಹೊಡೆಯಬೇಕಲ್ಲ. ನಿನ್ನ ಬಲಗಡೆಯ ಗುಂಡಿ ಆ ತುರುಬಿಗೆ ಹೊಂದುವಂತೆ ಎಡಗಡೆಯದಕ್ಕಿಂತ ಮೇಲೆ ಕೂತಿತ್ತು. ಮಾರ್ಕೆಟ್ಟಿನವನಿಗೆ ನಿನ್ನ ತುರುಬು ಗೊತ್ತೇ? ಆ ಸ್ಟೂಲಿನ ಮೇಲೆ ನೀನು ಕೂದಲು ಬಿಚ್ಚಿ ಕೂತಿದ್ದೆ. ನಿನ್ನ ಕಿವಿಯ ಹಿಂದೆ ಅವರ ಬೆರಳಿತ್ತು. ನನ್ನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಮುಖ ಮುಚ್ಚಿಕೊಂಡಿರುವುದು ಎಂಥ ಭಾಗ್ಯ ಎಂದು ಮೊದಲ ಸಲ ಅನ್ನಿಸಿತು.

ಸಂಜೆ ಅವರನ್ನು ಕೇಳಿದೆ, ನಮ್ಮ ಹಾಲಿನವರು ಯಾರಾದರೂ ಅಂಗಡಿಗೆ ಬರುತ್ತಾರಾ ಎಂದು. ಅನ್ನ ಕಲಸುತ್ತಲೇ, "ನಿಮ್ಮ ಹಾಲಿನೋರು ಯಾರು ಅಂತ್ಲೇ ನಂಗೊತ್ತಿಲ್ಲ" ಎಂದರು. ಸೋಮವಾರದಿಂದ ನೀನು ನಾಪತ್ತೆ. ಕಿವಿಗೆ ದಾರವೇ ತಾಗದವಳಿಗೆ ಕಿವಿಯ ಹಿಂದೆ ಹುಣ್ಣಂತೆ! ಸುಳ್ಳು ಹೇಳುವುದನ್ನೂ ನಾನೇ ಕಲಿಸಬೇಕಿತ್ತೇನೋ.

ಗಂಡಸಿನ ಮೇಲೆ ಸಿಟ್ಟು ಬರುತ್ತದೆ, ಕೂಗಾಡಬಹುದು, ಪಾತ್ರೆ ಕುಕ್ಕಬಹುದು. ನಿನ್ನ ವಿಷಯಕ್ಕೆ ಏನು ಮಾಡಲಿ? ಊಟದ ಬೆಂಚಿನಲ್ಲಿ ಈಗ ಒಬ್ಬಳೇ ಕೂರುತ್ತೇನೆ. ಡಬ್ಬಿಗೆ ಈಗಲೂ ಇಬ್ಬರಿಗಾಗುವಷ್ಟು ಹಾಕಿಕೊಂಡು ಬರುತ್ತೇನೆ, ಕೈಗೆ ಅಭ್ಯಾಸವಾಗಿಬಿಟ್ಟಿದೆ. ಒಂದು ವಾರದಿಂದ ಒಂದೇ ಆಸೆ: ನಾನು ತಪ್ಪು ತಿಳಿದಿರಬೇಕು. ಇಡೀ ಹಾಲಿನೆದುರು ಹುಚ್ಚಿ ಅನ್ನಿಸಿಕೊಂಡರೂ ಚಿಂತೆಯಿಲ್ಲ, ನನ್ನದೇ ತಪ್ಪಾಗಿರಲಿ. ನಿನ್ನನ್ನು ಕೇಳಿದರೆ ಅಳುತ್ತೀಯ, ನಾನು ನಂಬಿಬಿಡುತ್ತೇನೆ. ಅವರನ್ನು ಕೇಳಿದರೆ ಅನ್ನ ಕಲಸುತ್ತಾರೆ. ಅದಕ್ಕೇ ಇಬ್ಬರನ್ನೂ ಕೇಳದೆ ತಿಳಿದುಕೊಳ್ಳುವ ದಾರಿ ಹುಡುಕಿದ್ದೇನೆ.

ಊಟ ಸರಿಯಾಗಿ ಮಾಡು.

ಇಂತಿ,
ನಿನ್ನ ಗುಂಡಿ ಅಕ್ಕ

ಮರೆತ ಮಾತು: ನಿನ್ನೆ ನಿನ್ನ ರೂಮಿಗೆ ಹೋಗಿದ್ದೆ. ಖಾಲಿ ಮಾಡಿದ್ದೀಯಂತೆ. ಎಲ್ಲಿಗೆ ಹೋದೆ ಎಂದು ಮನೆಯೊಡತಿಗೂ ಗೊತ್ತಿಲ್ಲ, ನಮ್ಮ ಆಫೀಸಿನವರಿಗೂ ಗೊತ್ತಿಲ್ಲ. ಹಾಗಾಗಿ ಲಕೋಟೆಯ ಮೇಲೆ ನಿನ್ನ ಹೆಸರೊಂದನ್ನೇ ಬರೆದಿದ್ದೇನೆ. ನಾಳೆ ಬೆಳಿಗ್ಗೆ ಅಂಗಡಿಗೆ ಹೊರಟಾಗ ಇವರ ಕೈಗೆ ಕೊಟ್ಟು, ಇದನ್ನು ಅವಳಿಗೆ ತಲುಪಿಸಿಬಿಡಿ ಎನ್ನುತ್ತೇನೆ. ಎಲ್ಲಿಗೆ ಎಂದು ಇವರು ಕೇಳಿದರೆ ಲಕೋಟೆಯನ್ನು ಅಲ್ಲೇ ಕಿತ್ತುಕೊಂಡು ಒಲೆಗೆ ಹಾಕುತ್ತೇನೆ, ಊರೆಲ್ಲ ಹುಡುಕಿ ಬಂದು ನಿನ್ನ ಕಾಲು ಹಿಡಿಯುತ್ತೇನೆ. ಈ ಪತ್ರ ನೀನು ಓದುತ್ತಿದ್ದೀಯ ಎಂದರೆ, ಎಲ್ಲಿಗೆ ಎಂದು ಅವರು ಕೇಳಲಿಲ್ಲ.