ಹತ್ತರಲ್ಲಿ ಏಳು ಮಂದಿ

ಮನೆ, ಹಿಂದಿನ ಕೋಣೆ
ಮಂಗಳವಾರ, ೨೪ನೇ ತಾರೀಖು

ಪ್ರೀತಿಯ ಅಕ್ಕಾ,

ಕೈಯ ಗಾಯ ಮಾಯಿತೇ? ಸಮುದ್ರದ ಅಳತೆಗಂಬದ ಪಾಚಿ ಕೆರೆಯುವಾಗ ಕೈಗವಸು ಹಾಕಿಕೊಳ್ಳುವುದು ನಿನಗೇನು ಅಷ್ಟು ಭಾರವೋ! ಫೋನು ಹತ್ತದ ಆ ದ್ವೀಪದಲ್ಲಿ ಮುಲಾಮು ಹಚ್ಚುವವರು ಯಾರು ಎಂದು ಅಮ್ಮ ಗೊಣಗುತ್ತಲೇ ಇದ್ದಾಳೆ. ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪ ಈಗಲೂ ಊರವರ ಫ್ರಿಜ್ಜುಗಳನ್ನು ನಡುಮನೆಯಲ್ಲೇ ಬಿಚ್ಚಿಡುತ್ತಾರೆ. ಊಟಕ್ಕೆ ಬರಬೇಕಾದರೆ ಎರಡನ್ನಾದರೂ ಬಳಸಿಕೊಂಡು ಬರಬೇಕು.

ನಿನ್ನ ಕಾಗದ ಓದಿದೆ. “ಹತ್ತರಲ್ಲಿ ಏಳು ಜನ ಇದು ಸರಿಹೋಗಲ್ಲ ಅಂದ್ರೆ, ಗುಬ್ಬೀ, ನಾನಿಲ್ಲಿ ಆರು ವರ್ಷದಿಂದ ದಿನಾ ಸಮುದ್ರ ಅಳೀತಿರೋದು ಯಾರಿಗೆ?” ಎಂದು ಬರೆದಿದ್ದೀಯ. ತಿಂಗಳ ಕೊನೆಯ ದೋಣಿಯಲ್ಲಿ ರಾಜೀನಾಮೆ ಕಳಿಸುತ್ತೇನೆ ಎಂದೂ ಬರೆದಿದ್ದೀಯ. ಆ ಏಳರ ಲೆಕ್ಕ ಕಳಿಸಿದವಳು ನಾನೇ. ದೊಡ್ಡ ಸುದ್ದಿ ತಂದವಳ ಹಾಗೆ ಅದರ ಕೆಳಗೆ ಗೆರೆ ಬೇರೆ ಎಳೆದಿದ್ದೆ.

ನಮ್ಮ ಸಮೀಕ್ಷೆ ಕಚೇರಿಯ ಕೆಲಸ ನಿನಗೆ ಗೊತ್ತು. ಪಟ್ಟಿಯಲ್ಲಿದ್ದವರಿಗೆ ಫೋನು ಮಾಡಿ ಪ್ರಶ್ನೆ ಓದುವುದು, ಉತ್ತರಕ್ಕೆ ಗುರುತು ಹಾಕುವುದು. ‘ಭೂಮಿ ಬಿಸಿಯಾಗುವುದನ್ನು ನಾವು ತಡೆಯಬಲ್ಲೆವೇ?’ ತಡೆಯಬಲ್ಲೆವು, ತಡೆಯಲಾರೆವು, ಗೊತ್ತಿಲ್ಲ. ಇರುವುದು ಮೂರೇ ಉತ್ತರ. ಜನ ಮಾತ್ರ ಮೂರರೊಳಗೆ ಮುಗಿಯುವವರಲ್ಲ. ಬೇಕರಿಯವನೊಬ್ಬ “ಯಾರಾದ್ರೂ ನೆಟ್ಟಗೆ ಶುರು ಮಾಡಿದ್ರೆ ಆಗ್ಬೋದೇನೋ ಕಣಮ್ಮ, ಎಲ್ಲಿ ಮಾಡ್ತಾರೆ?” ಎಂದ. ಒಬ್ಬರು ಟೀಚರ್ “ಮಕ್ಕಳಿಗೆ ಆಗುತ್ತೆ ಅಂತಾನೇ ಹೇಳ್ಕೊಡ್ತೀನಿ, ನನ್ನನ್ನ ಮಾತ್ರ ಕೇಳ್ಬೇಡಿ” ಎಂದರು. ಇಂಥವರನ್ನು “ನಿಮ್ಮ ಮಾತು ಯಾವುದಕ್ಕೆ ಹತ್ತಿರ?” ಎಂದು ಎರಡನೇ ಸಲ ಕೇಳಲೇಬೇಕು, ಅದು ನಿಯಮ. ನಾನು ಕೇಳಲಿಲ್ಲ. ಅಂಗಡಿಯಲ್ಲಿ ಪೆನ್ಸಿಲ್ ಕೇಳುವುದಕ್ಕೂ ನಿನ್ನನ್ನು ಮುಂದೆ ತಳ್ಳುತ್ತಿದ್ದವಳಲ್ಲವೇ ನಾನು! ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿದರೆ ಸಾಕು, ಸಂಕೋಚವಾಗಿ, ಥ್ಯಾಂಕ್ಸ್ ಹೇಳಿ, ‘ತಡೆಯಲಾರೆವು’ ಎಂಬಲ್ಲಿ ಗುರುತು ಹಾಕಿಬಿಡುತ್ತಿದ್ದೆ. ಜನರ ದನಿಯಲ್ಲೇ ಮನಸ್ಸು ತಿಳಿಯುತ್ತದೆ ಎಂಬ ಜಂಬ ಬೇರೆ. ಸಾಹಿತ್ಯ ಓದಿದ್ದು ಇಷ್ಟಕ್ಕಾದರೂ ಬಂತಲ್ಲ ಎಂದುಕೊಂಡಿದ್ದೆ.

ಹೋದ ವಾರ ಮೇಲ್ವಿಚಾರಕಿ ನನ್ನ ಕರೆಗಳ ರೆಕಾರ್ಡಿಂಗ್ ಹಾಕಿ ಕೇಳಿಸಿದರು. “ಇವರು ಆಗಲ್ಲ ಅಂದ್ರಾ? ಮತ್ತೆ ಇವರು?” ಅವರಾರೂ ಹಾಗೆ ಅಂದಿರಲಿಲ್ಲ. ಬೈಯಲೂ ಇಲ್ಲ ಅವರು; ಎಲ್ಲರಿಗೂ ಮತ್ತೆ ಫೋನು ಮಾಡು ಎಂದು ಪಟ್ಟಿ ಕೈಗಿಟ್ಟರು. ನಾಲ್ಕು ದಿನ ಅದೇ ಕೆಲಸ. ‘ತಡೆಯಲಾರೆವು’ ಎಂದವರು ಹತ್ತರಲ್ಲಿ ಏಳಲ್ಲ ಅಕ್ಕಾ, ನಾಲ್ಕು. ಅದೂ ಕಡಿಮೆಯಲ್ಲ, ಗೊತ್ತು. ಉಳಿದವರೇನೂ ಕುಣಿದಾಡಿಕೊಂಡು ಹೇಳಲಿಲ್ಲ. ಬೇಕರಿಯವನು “ತಡೀಬಹುದು ಅಂತ ಬರ್ಕೋ. ನಂಬಿಕೆ ಅಂತೇನಲ್ಲ, ಇನ್ನೊಂದು ಹೇಳೋಕೆ ಬಾಯಿ ಬರ್ತಿಲ್ಲ” ಎಂದ. ಟೀಚರ್ ಫೋನು ಎತ್ತಲೇ ಇಲ್ಲ. ಅವರೆಲ್ಲರ ಅನುಮಾನಕ್ಕೆ ನನ್ನ ಪುಕ್ಕಲುತನವನ್ನೂ ಬೆರೆಸಿ, ಆರು ವರ್ಷ ಒಬ್ಬಳೇ ನಿಂತವಳಿಗೆ ಕಳಿಸಿದೆನಲ್ಲ ಎಂದು ನೆನೆದರೆ ಕೆಲಸಕ್ಕೆ ಹೋಗಲೂ ಕಾಲು ಬರುವುದಿಲ್ಲ.

ಅಮ್ಮನ ಆಶೀರ್ವಾದ. ಅಳತೆಯ ಪೆಟ್ಟಿಗೆಗೆ ಉಪ್ಪುನೀರು ನುಗ್ಗದ ಹಾಗೆ ಗ್ರೀಸ್ ಹಚ್ಚಬೇಕಂತೆ, ಅದು ಅಪ್ಪನ ಆಶೀರ್ವಾದ.

ನಿನ್ನ
ಗುಬ್ಬಿ

ಮರೆತಿದ್ದೆ. ಅಲ್ಲ, ಬರೆಯಲು ಹೆದರಿದ್ದೆ. ಇದನ್ನು ತರುವ ದೋಣಿಯೇ ಅರ್ಧ ಗಂಟೆಯಲ್ಲಿ ನಿನ್ನ ರಾಜೀನಾಮೆ ತೆಗೆದುಕೊಂಡು ಹೊರಡುತ್ತದೆ. ನೀನೋ ಮನೆಯ ಕಾಗದವನ್ನು ಸಂಜೆಯ ಚಹಾಕ್ಕೆಂದು ಎತ್ತಿಡುವವಳು. ಅದಕ್ಕೇ ಲಕೋಟೆಯ ಮೇಲೆ ದಪ್ಪಕ್ಷರದಲ್ಲಿ ‘ಕೊಡುವ ಮೊದಲು ಓದು’ ಎಂದು ಬರೆದಿದ್ದೇನೆ. ಅಲ್ಲೇ ಇರು ಎನ್ನಲಾರೆ. ಅಮ್ಮ ಆಗಲೇ ನಿನ್ನ ಮಂಚಕ್ಕೆ ಹೊಸ ಹೊದಿಕೆ ಹಾಸಿದ್ದಾಳೆ. ನಿನ್ನ ಕಾಗದ ಓದಿದಾಗಲೂ ನಾನು ನಿನ್ನನ್ನು ತಿರುಗಿ ಕೇಳದೆಯೇ ‘ಬಿಟ್ಟು ಬರುತ್ತಾಳೆ’ ಎಂದು ಗುರುತು ಹಾಕಿಬಿಟ್ಟಿದ್ದೆ. ಈಗ ಎರಡನೇ ಸಲ ಕೇಳುತ್ತಿದ್ದೇನೆ ಅಕ್ಕಾ, ನಿನ್ನ ಮಾತು ಯಾವುದಕ್ಕೆ ಹತ್ತಿರ?